ಗೂಡು ಬಿಡದ ಜೊತೆಗಾರ: ಅಂಗವೈಕಲ್ಯ ಮತ್ತು ಪಾರಿವಾಳ ಸಾಕಣೆ

ಅಂಗವೈಕಲ್ಯವುಳ್ಳವರಿಗೆ ನೆರವಾಗುವ ಪ್ರಾಣಿ ಎಂದೊಡನೆ ಬಹುಪಾಲು ಜನರ ಮನಸ್ಸಿಗೆ ಬರುವುದು ದೃಷ್ಟಿಹೀನರನ್ನು ದಾರಿ ನಡೆಸುವ ನಾಯಿ, ಮತ್ತು ಅದಕ್ಕೆ ಚಾರಿತ್ರಿಕ ಕಾರಣವೂ ಇದೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆಯೊಂದು ತೆರೆಯಿತು. 1929ರಲ್ಲಿ ಅಮೆರಿಕದಲ್ಲಿ ‘ದ ಸೀಯಿಂಗ್ ಐ’ ಸಂಸ್ಥೆ ಆರಂಭವಾಯಿತು. ಮುಂದೆ ಅಲ್ಲಿ ರೂಪುಗೊಂಡ ಕಾನೂನು ಬಹುಮಟ್ಟಿಗೆ ಈ ನಾಯಿಯನ್ನೇ ಮಾದರಿಯಾಗಿ ಇಟ್ಟುಕೊಂಡಿತು. ಈ ಚೌಕಟ್ಟಿನಲ್ಲಿ ಪಾರಿವಾಳಕ್ಕೆ ಎಡೆಯಿದೆಯೇ ಎಂಬ ಪ್ರಶ್ನೆ ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಬಾಲ್ಯದಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿಯನ್ನು ಅವಲಂಬಿಸಿರುವ ಈ ಲೇಖನದ ಲೇಖಕಿ ಬೆಂಗಳೂರಿನ ಮನೆಯ ಹಿತ್ತಲಲ್ಲಿ ದೀರ್ಘಕಾಲ ಪಾರಿವಾಳ ಸಾಕಿ ತಿಳಿದುಕೊಂಡ ಸಂಗತಿಗಳು, ಆ ಪ್ರಶ್ನೆಯನ್ನೇ ಬೇರೆ ಬಗೆಯಲ್ಲಿ ಕೇಳಬೇಕೆಂದು ಸೂಚಿಸುತ್ತವೆ.

ಅಮೆರಿಕದ ಅಂಗವೈಕಲ್ಯ ಕಾಯ್ದೆಯ ಪರಿಷ್ಕೃತ ನಿಯಮಗಳು 2011ರ ಮಾರ್ಚ್‌ನಲ್ಲಿ ಜಾರಿಗೆ ಬಂದಾಗ ‘ಸೇವಾ ಪ್ರಾಣಿ’ ಎಂಬ ಪದಕ್ಕೆ ಬಿಗಿಯಾದ ಅರ್ಥ ದೊರೆಯಿತು: ಅಂಗವೈಕಲ್ಯವುಳ್ಳ ವ್ಯಕ್ತಿಗಾಗಿ ನಿರ್ದಿಷ್ಟ ಕೆಲಸ ಮಾಡಲು ತರಬೇತಿ ಪಡೆದ ನಾಯಿ ಮಾತ್ರ ಸೇವಾ ಪ್ರಾಣಿ, ಗಿಡ್ಡ ತಳಿಯ ಕುದುರೆಗೆ ಪ್ರತ್ಯೇಕವಾದ, ಷರತ್ತುಬದ್ಧ ಅವಕಾಶವಿದೆ. ಇರುವಿಕೆಯಿಂದಲೇ ಮನಸ್ಸಿಗೆ ನೆಮ್ಮದಿ ಕೊಡುವ, ಯಾವ ಕೆಲಸವನ್ನೂ ಕಲಿಯದ ಪ್ರಾಣಿಯನ್ನು ‘ಭಾವನಾತ್ಮಕ ಆಸರೆಯ ಪ್ರಾಣಿ’ ಎನ್ನುತ್ತಾರೆ. ಅದಕ್ಕೆ ಹೋಟೆಲು, ಅಂಗಡಿ, ಆಸ್ಪತ್ರೆಗಳಲ್ಲಿ ಪ್ರವೇಶದ ಹಕ್ಕಿಲ್ಲ, ಮತ್ತು 2021ರ ಜನವರಿಯಿಂದ ಅಲ್ಲಿನ ವಿಮಾನಗಳಲ್ಲೂ ಅದನ್ನು ಸೇವಾ ಪ್ರಾಣಿಯೆಂದು ಒಪ್ಪಬೇಕಾದ ಕಡ್ಡಾಯವಿಲ್ಲ. ಬಾಡಿಗೆ ಮನೆಯ ವಿಷಯ ಮಾತ್ರ ಬೇರೆ. ಅಮೆರಿಕದ ವಸತಿ ಇಲಾಖೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ, ಮನೆಯೊಳಗೆ ಸಾಮಾನ್ಯವಾಗಿ ಸಾಕುವ ಪ್ರಾಣಿಗಳ ಪಟ್ಟಿಯಲ್ಲಿ ನಾಯಿ ಬೆಕ್ಕುಗಳೊಡನೆ ಸಣ್ಣ ಹಕ್ಕಿಯನ್ನೂ ಹೆಸರಿಸಿತ್ತು. ಒಂದೇ ದೇಶದ ಕಾನೂನು ಬೀದಿಯಲ್ಲಿ ನಿರಾಕರಿಸಿದ್ದನ್ನು ಮನೆಯಲ್ಲಿ ಒಪ್ಪಿಕೊಂಡ ಈ ಭೇದವೇ, ಪಾರಿವಾಳದ ಮಟ್ಟಿಗೆ, ವಿಚಾರದ ತಿರುಳು.

ಪಾರಿವಾಳಕ್ಕೆ ಕೆಲಸ ಕಲಿಯುವ ಸಾಮರ್ಥ್ಯವಿಲ್ಲವೆಂದು ಯಾರೂ ಹೇಳಲಾರರು. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಪರದೆಯ ಮೇಲೆ ಕಾಣುವ ಗುರಿಯನ್ನು ಕುಕ್ಕಿ ಕ್ಷಿಪಣಿಯ ದಿಕ್ಕನ್ನು ಸರಿಪಡಿಸುವಂತೆ ಪಾರಿವಾಳಗಳನ್ನು ಪಳಗಿಸಿದರು; ಸರಿಯಾದ ವರ್ತನೆಗೆ ತಕ್ಷಣ ಕಾಳಿನ ಬಹುಮಾನ ಕೊಟ್ಟು ಆ ವರ್ತನೆಯನ್ನು ಗಟ್ಟಿಗೊಳಿಸುವ ಅವರ ವಿಧಾನವೇ ಇಂದು ಸೇವಾ ನಾಯಿಗಳ ತರಬೇತಿಯಲ್ಲೂ ಬಳಕೆಯಲ್ಲಿದೆ. 1964ರಲ್ಲಿ ಹರ್ನ್‌ಸ್ಟೈನ್ ಮತ್ತು ಲವ್‌ಲ್ಯಾಂಡ್ ಎಂಬ ಸಂಶೋಧಕರು, ಛಾಯಾಚಿತ್ರದಲ್ಲಿ ಮನುಷ್ಯರಿದ್ದಾರೆಯೇ ಇಲ್ಲವೇ ಎಂಬುದನ್ನು ಪಾರಿವಾಳ ಗುರುತಿಸಬಲ್ಲದೆಂದು ತೋರಿಸಿದರು. ಈ ಸಾಲಿನಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ನಾಟುವುದು ಅಮೆರಿಕದ ಕರಾವಳಿ ರಕ್ಷಣಾ ಪಡೆ 1970ರ ದಶಕದ ಕೊನೆಯಲ್ಲಿ ಕೈಗೊಂಡ ‘ಸೀ ಹಂಟ್’ ಯೋಜನೆ. ಹೆಲಿಕಾಪ್ಟರಿನ ತಳಕ್ಕೆ ಜೋಡಿಸಿದ ಪಾರದರ್ಶಕ ಕೋಣೆಯಲ್ಲಿ ಮೂರು ಪಾರಿವಾಳಗಳು ಮೂರು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಿದ್ದವು; ಅಲೆಗಳ ನಡುವೆ ಜೀವರಕ್ಷಕ ಉಡುಪಿನ ಕಿತ್ತಳೆ, ಕೆಂಪು ಅಥವಾ ಹಳದಿ ಬಣ್ಣ ಕಂಡರೆ ಎದುರಿನ ಗುಂಡಿಯನ್ನು ಕುಕ್ಕುತ್ತಿದ್ದವು; ಯಾವ ಹಕ್ಕಿ ಕುಕ್ಕಿತೆಂಬುದರಿಂದ ಪೈಲಟ್‌ಗೆ ದಿಕ್ಕು ತಿಳಿಯುತ್ತಿತ್ತು. ಪ್ರಯೋಗಗಳಲ್ಲಿ ಈ ಹಕ್ಕಿಗಳು ಹೆಲಿಕಾಪ್ಟರಿನ ಸಿಬ್ಬಂದಿಗಿಂತ ಬಹಳ ಹೆಚ್ಚು ಸಲ ಗುರಿಯನ್ನು ಪತ್ತೆಹಚ್ಚಿದರೂ, ಯೋಜನೆ ಮಾತ್ರ 1980ರ ದಶಕದ ಆರಂಭದಲ್ಲಿ ನಿಂತುಹೋಯಿತು.

ಇಷ್ಟು ಬಲ್ಲ ಹಕ್ಕಿ ಗಾಲಿಕುರ್ಚಿಯ ಸಹಾಯಕನಾಗದಿರುವುದಕ್ಕೆ ಕಾರಣ ಅದರ ಬುದ್ಧಿಯಲ್ಲಿಲ್ಲ, ನಿಷ್ಠೆಯಲ್ಲಿದೆ. ನಾಯಿ ವ್ಯಕ್ತಿಗೆ ಅಂಟಿಕೊಂಡ ಪ್ರಾಣಿ. ವ್ಯಕ್ತಿ ಎಲ್ಲಿಗೆ ಹೋದರೂ ಅದರ ಮನೆ ಅಲ್ಲೇ. ಪಾರಿವಾಳ ಅಂಟಿಕೊಳ್ಳುವುದು ಗೂಡಿಗೆ ಮತ್ತು ಜೋಡಿಗೆ. 1946ರಲ್ಲಿ ಸೇನೆಯಿಂದ ಪಡೆದ ಹಕ್ಕಿಗಳೊಡನೆ ಶುರುವಾಗಿ 2002ರ ತನಕ ನಡೆದ ಒಡಿಶಾ ಪೊಲೀಸರ ಪಾರಿವಾಳ ಅಂಚೆಯೂ ನಿಂತಿದ್ದುದು ಈ ಸ್ವಭಾವದ ಮೇಲೆಯೇ: ಹಕ್ಕಿಯನ್ನು ಬುಟ್ಟಿಯಲ್ಲಿ ದೂರಕ್ಕೆ ಒಯ್ದು ಬಿಟ್ಟರೆ ಅದು ಸಂದೇಶದೊಡನೆ ತನ್ನ ಗೂಡಿಗೆ ಬರುತ್ತದೆ. ಹಾಗೆಂದು ಅದು ಮನುಷ್ಯರನ್ನು ಗುರುತಿಸುವುದಿಲ್ಲವೆಂದಲ್ಲ. ಪ್ಯಾರಿಸಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮ್ಮನ್ನು ಓಡಿಸಿದ ವ್ಯಕ್ತಿಯನ್ನು ಬೀದಿಯ ಪಾರಿವಾಳಗಳು ಬಟ್ಟೆ ಬದಲಾದ ಮೇಲೂ ಗುರುತುಹಿಡಿದು ದೂರ ಉಳಿದವು. ಆದರೂ ಗುರುತಿಸಿದವರ ಬೆನ್ನುಹತ್ತಿ ಬಸ್ಸು ಹತ್ತುವುದು, ಬ್ಯಾಂಕಿಗೆ ಹೋಗುವುದು ಅದರ ಸ್ವಭಾವವಲ್ಲ. ಹಾಗೆ ಮಾಡಿಸಹೊರಟರೆ ಹಕ್ಕಿಗೆ ಭಯ, ಸಾಕಿದವರಿಗೆ ಫಜೀತಿ. ಹೊರಗೆ ಓಡಾಡುವವರಿಗೆ ನಾಯಿ ಒದಗುತ್ತದೆ. ದಿನದ ಬಹುಪಾಲನ್ನು ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಕಿಟಕಿಯ ಬಳಿ ಕಳೆಯಬೇಕಾದವರಿಗೆ, ತಾನೂ ಅದೇ ಮನೆಗೆ ಬದ್ಧವಾಗಿರುವ ಈ ಹಕ್ಕಿ ಒದಗುವ ಬಗೆ ಬೇರೆ.

ಆ ಬಗೆಯನ್ನು ಹತ್ತಿರದಿಂದ ನೋಡಬೇಕಾದದ್ದು ಮೊಟ್ಟೆಯಿಟ್ಟ ಜೋಡಿಯ ದಿನಚರಿಯಲ್ಲಿ. ಹೆಣ್ಣು ಸಾಮಾನ್ಯವಾಗಿ ಎರಡು ಮೊಟ್ಟೆಯಿಡುತ್ತದೆ. ಸಂಜೆಯಿಂದ ಮರುದಿನ ಬೆಳಗಿನವರೆಗೆ ಅದು ಕಾವು ಕೊಟ್ಟರೆ, ಬೆಳಗ್ಗೆ ಸುಮಾರು ಹತ್ತರ ಹೊತ್ತಿಗೆ ಗಂಡು ಬಂದು ಪಕ್ಕದಲ್ಲಿ ನಿಂತು, ಹೆಣ್ಣು ಎದ್ದೊಡನೆ ಮೊಟ್ಟೆಗಳನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಸೇರಿಸಿಕೊಂಡು ಸಂಜೆಯ ತನಕ ಕೂರುತ್ತದೆ. ಸುಮಾರು 18 ದಿನಕ್ಕೆ ಮರಿ ಹೊರಬರುತ್ತದೆ. ಆಗ ತಂದೆ ತಾಯಿ ಇಬ್ಬರ ಗಂಟಲ ಚೀಲದಲ್ಲೂ, ಎಂದರೆ ನುಂಗಿದ ಕಾಳು ಮೊದಲು ತಂಗುವ ಚೀಲದಲ್ಲಿ, ಗಿಣ್ಣಿನಂಥ ಮುದ್ದೆಯೊಂದು ತಯಾರಾಗುತ್ತದೆ. ‘ಪಾರಿವಾಳದ ಹಾಲು’ ಎನಿಸಿಕೊಳ್ಳುವ, ಕೊಬ್ಬು ಮತ್ತು ಪ್ರೋಟೀನು ಹೇರಳವಾಗಿರುವ ಈ ಆಹಾರವನ್ನು ಮರಿ ದೊಡ್ಡವುಗಳ ಬಾಯೊಳಗೆ ಕೊಕ್ಕಿಟ್ಟು ಹೀರುತ್ತದೆ. ನೋವು ಹೆಚ್ಚಿ ಹಾಸಿಗೆ ಬಿಡಲಾಗದ ದಿನಗಳಲ್ಲಿ ಹತ್ತು ಗಂಟೆಯ ಆ ಪಾಳಿ ಬದಲಾವಣೆ, ಗಂಡಿನ ಗುಟುರು, ಹೆಣ್ಣು ರೆಕ್ಕೆ ಬಡಿದು ಕಾಳಿನ ತಟ್ಟೆಗೆ ಇಳಿಯುವ ಸದ್ದು, ಲೇಖಕಿಗೆ ದಿನಕ್ಕೊಂದು ಆಕಾರ ಕೊಟ್ಟದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆಡೆ ಇತ್ತು. ಬಾಲ್ಯದಿಂದ ಸ್ನಾನ, ಊಟ, ಓಡಾಟ ಎಲ್ಲಕ್ಕೂ ಇನ್ನೊಬ್ಬರ ಬಿಡುವನ್ನು ಕಾಯಬೇಕಾಗಿ ಬಂದ ವ್ಯಕ್ತಿಯನ್ನು ಕಾಯುವ ಜೀವಗಳು ಮನೆಯಲ್ಲಿ ಇವೆ ಎಂಬುದು, ಅವಳು ಕಾಳು ಹಾಕದಿದ್ದರೆ ಬೆಳಗು ಮುಂದೆ ಸಾಗದೆಂಬುದು, ಮನೆಯವರು ಅವಳನ್ನು ನೋಡುವ ಬಗೆಯನ್ನೇ ಬದಲಿಸಿತು. ಆರೈಕೆ ಪಡೆಯುವವಳು ಎಂಬ ಏಕೈಕ ಪಾತ್ರದ ಜೊತೆಗೆ ಆರೈಕೆ ಮಾಡುವವಳು ಎಂಬ ಪಾತ್ರವೂ ಸೇರಿತು. ಇದನ್ನು ಕಂಡುಕೊಂಡವರಲ್ಲಿ ಲೇಖಕಿ ಮೊದಲಿಗಳೇನೂ ಅಲ್ಲ. ವಿಲಿಯಂ ಟ್ಯೂಕ್ 1796ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಮನೋರೋಗಿಗಳಿಗಾಗಿ ತೆರೆದ ‘ರಿಟ್ರೀಟ್’ ಎಂಬ ಆಶ್ರಯಧಾಮದ ಅಂಗಳಗಳಲ್ಲಿ ಮೊಲ, ಕೋಳಿ, ಕಡಲಹಕ್ಕಿಗಳನ್ನು ಬಿಟ್ಟಿದ್ದರು. ಸರಪಳಿಯೇ ಚಿಕಿತ್ಸೆಯೆನಿಸಿದ್ದ ಕಾಲದಲ್ಲಿ ಅದು ಸಣ್ಣ ಹೆಜ್ಜೆಯಾಗಿರಲಿಲ್ಲ.

ಈ ಪಾತ್ರ ನಿಜವಾಗಬೇಕಾದರೆ ಕೆಲಸ ಸಾಕುವವರ ಕೈಗೆ ಎಟುಕಬೇಕು, ಮತ್ತು ಇಲ್ಲಿಯೇ ಹೆಚ್ಚಿನ ಪ್ರಯತ್ನಗಳು ಸೋಲುತ್ತವೆ. ಬೆಂಗಳೂರಿನಲ್ಲಿ ಹೋಮರ್‌ಗಳನ್ನು, ಎಂದರೆ ದೂರದಿಂದ ಬಿಟ್ಟರೂ ಗೂಡು ಸೇರುವ ಪಂದ್ಯದ ತಳಿಯನ್ನು, ಸಾಕುವವರ ಗೂಡು ಸಾಮಾನ್ಯವಾಗಿ ತಾರಸಿಯ ಮೇಲಿರುತ್ತದೆ; ಮೆಟ್ಟಿಲು ಹತ್ತಲಾಗದವರಿಗೆ ಅದು ಇದ್ದೂ ಇಲ್ಲದಂತೆ, ಏಕೆಂದರೆ ಕಾಳು ಹಾಕುವುದು ತಮ್ಮನೋ ಕೆಲಸದವರೋ ಆದಾಗ ಹಕ್ಕಿ ಅವರದೇ ಆಗುತ್ತದೆ. ಹಿತ್ತಲಲ್ಲಿ ನೆಲದ ಮಟ್ಟದ ಗೂಡು, ಕುಳಿತವರ ಮೊಣಕೈ ಎತ್ತರಕ್ಕೆ ಇಳಿದಾಣದ ಹಲಗೆ, ಹೊರಗಿನಿಂದಲೇ ಎಳೆಯಬಹುದಾದ ಹಿಕ್ಕೆಯ ತಟ್ಟೆ, ಉದ್ದ ಹಿಡಿಯ ಕೆರೆಯುವ ಸಲಿಕೆ, ಇಲಿ ಮತ್ತು ಬೆಕ್ಕು ನುಸುಳದ ಸಣ್ಣ ಕಣ್ಣಿನ ಜಾಲರಿ: ಇಷ್ಟಾದರೆ ಮಾತ್ರ ಕೆಲಸ ಕೈಗೆ ಬರುತ್ತದೆ. ಹಕ್ಕಿಯನ್ನು ಹಿಡಿಯುವ ರೂಢಿಯ ಕ್ರಮದಲ್ಲಿ ಅದರ ಕಾಲುಗಳನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಗೆ ಸಿಕ್ಕಿಸಿ ಹೆಬ್ಬೆರಳನ್ನು ಮಡಚಿದ ರೆಕ್ಕೆಯ ಮೇಲಿಡುತ್ತಾರೆ. ಬೆರಳಿನಲ್ಲಿ ಬಿಗಿ ಇಲ್ಲದವರಿಗೆ ಇದು ಆಗದು; ತೊಡೆಯ ಮೇಲೆ ತೆಳು ಟವೆಲು ಹಾಸಿ, ಹಕ್ಕಿಯನ್ನು ಅದರಲ್ಲಿ ಸಡಿಲವಾಗಿ ಸುತ್ತಿ, ತಲೆ ಮಾತ್ರ ಹೊರಗಿರುವಂತೆ ಇಟ್ಟುಕೊಂಡರೆ ಔಷಧಿ ಹಾಕಲು, ಕಾಲು ನೋಡಲು ಸಾಕಾಗುತ್ತದೆ. ಎದೆಯನ್ನು ಮಾತ್ರ ಒತ್ತಬಾರದು, ಹಕ್ಕಿ ಉಸಿರಾಡುವುದು ಎದೆಯ ಮೂಳೆಯನ್ನು ಏರಿಳಿಸಿಯೇ.

ಉಸಿರಾಟದ ಮಾತು ಬಂದದ್ದರಿಂದ ಮನುಷ್ಯರ ಶ್ವಾಸಕೋಶದ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಪಾರಿವಾಳದ ಗರಿಯಿಂದ ಉದುರುವ ಬಿಳಿ ಪುಡಿ ಮತ್ತು ಒಣಗಿದ ಹಿಕ್ಕೆಯ ಧೂಳಿನಲ್ಲಿರುವ ಪ್ರೋಟೀನುಗಳಿಗೆ ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸಿ ಶ್ವಾಸಕೋಶದಲ್ಲಿ ಉರಿಯೂತ ಉಂಟಾಗುತ್ತದೆ. ಇದು ಸೋಂಕಲ್ಲ, ಅತಿಸಂವೇದನೆಯ ಶ್ವಾಸಕೋಶ ಉರಿಯೂತ. ಗೂಡು ತೊಳೆದ ಕೆಲವು ತಾಸುಗಳ ಬಳಿಕ ಕೆಮ್ಮು, ಚಳಿಜ್ವರ, ಏದುಸಿರು ಕಾಣಿಸಿಕೊಂಡು ತಾನಾಗಿ ಇಳಿಯುವುದರಿಂದ ಸಾಮಾನ್ಯ ಶೀತವೆಂದು ಕಡೆಗಣಿಸುವವರೇ ಹೆಚ್ಚು; ಹೀಗೆ ಮುಂದುವರಿದರೆ ಶ್ವಾಸಕೋಶ ಗಾಯಗಟ್ಟಿ ಬಿರುಸಾಗುತ್ತದೆ, ಆ ಹಾನಿ ಹಿಂದಕ್ಕೆ ಬಾರದು. ಭಾರತದ 19 ನಗರಗಳ 1,084 ರೋಗಿಗಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಶ್ವಾಸಕೋಶ ಅಂಗಾಂಶ ರೋಗಗಳ ನೋಂದಣಿಯಲ್ಲಿ ಅರ್ಧಕ್ಕೆ ಸಮೀಪ, ಶೇ. 47ರಷ್ಟು ಜನರಿಗೆ ಇದ್ದದ್ದು ಇದೇ ಬಗೆಯ ಉರಿಯೂತ. ಅಲ್ಲಿ ಏರ್ ಕೂಲರ್‌ಗಳ ಜೊತೆಗೆ ಹಕ್ಕಿಗಳೂ ಕಾರಣಗಳ ಪಟ್ಟಿಯಲ್ಲಿದ್ದವು. ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರು, ಸ್ನಾಯುಕ್ಷಯವುಳ್ಳವರು, ಪೋಲಿಯೊದಿಂದ ಬೆನ್ನು ಬಾಗಿದವರು ಇವರೆಲ್ಲರ ಉಸಿರಿನ ಶಕ್ತಿ ಮೊದಲೇ ಕಡಿಮೆ. ಇಂಥವರು ಮಲಗುವ ಕೋಣೆಯಲ್ಲಿ ಪಾರಿವಾಳ ಇಟ್ಟುಕೊಳ್ಳಬಾರದೆಂಬುದು ಲೇಖಕಿಯ ದೃಢವಾದ ಅಭಿಪ್ರಾಯ. ಗೂಡು ಹೊರಗಿರಬೇಕು, ಹಿಕ್ಕೆಯನ್ನು ನೀರು ಚಿಮುಕಿಸಿ ತೇವವಾದ ಮೇಲೆಯೇ ಕೆರೆಯಬೇಕು, ಎನ್ 95 ಮುಖಗವಸು ಇರಬೇಕು, ಶುರುಮಾಡುವ ಮೊದಲೇ ಉಸಿರಾಟದ ಪರೀಕ್ಷೆ ಮಾಡಿಸಿ ಪ್ರತಿ ವರ್ಷ ಹೋಲಿಸಿ ನೋಡಬೇಕು. ಫಲಿತಾಂಶ ಕುಸಿದರೆ ಹಕ್ಕಿಗಳನ್ನು ಬಿಟ್ಟುಕೊಡುವುದೊಂದೇ ದಾರಿ.

ಇಷ್ಟು ಪ್ರಯೋಜನ ಕಂಡವರು ಪಾರಿವಾಳವನ್ನು ‘ಸೇವಾ ಪ್ರಾಣಿ’ ಎಂದು ಕರೆದು ರೈಲು ವಿಮಾನಗಳಲ್ಲಿ ಹಕ್ಕು ಕೇಳಬೇಕೆ ಎಂಬುದಕ್ಕೆ ಬೇಡವೆಂದೇ ಉತ್ತರಿಸಬೇಕಾಗುತ್ತದೆ. ಮಾರ್ಗದರ್ಶಿ ನಾಯಿಯೊಡನೆ ಬಂದ ದೃಷ್ಟಿಹೀನರನ್ನೇ ಬಾಗಿಲಲ್ಲಿ ತಡೆಯುವ ಸಮಾಜದಲ್ಲಿ ಅಂಥ ಪ್ರತಿ ಸಡಿಲ ಹೇಳಿಕೆಯ ಬೆಲೆ ತೆರುವವರು ಅವರೇ. ಕೇಳಬೇಕಾದದ್ದು ಮನೆಯ ಹಕ್ಕು. ಭಾರತದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಬಳಸುವ ‘ಯುಕ್ತ ಹೊಂದಾಣಿಕೆ’ ಎಂಬ ಪರಿಕಲ್ಪನೆ ಇಲ್ಲಿ ಉಪಯುಕ್ತ: ಅಂಗವಿಕಲರು ಇತರರಂತೆ ಹಕ್ಕು ಅನುಭವಿಸಲು ಅಗತ್ಯವಾದ, ಎದುರಿನವರ ಮೇಲೆ ಮಿತಿಮೀರಿದ ಹೊರೆ ಹೊರಿಸದ ಮಾರ್ಪಾಟು ಎಂಬುದು ಅದರ ಅರ್ಥ. ಹಿತ್ತಲಿನ ಮೂಲೆಯಲ್ಲಿ ಎರಡು ಜೋಡಿಯ ಸ್ವಚ್ಛವಾದ ಗೂಡಿಗೆ ಮನೆ ಮಾಲೀಕರ ಒಪ್ಪಿಗೆ ಕೇಳುವಾಗ ಲೇಖಕಿಗೆ ನೆರವಾದದ್ದು ಈ ಮಾತಿನ ಎರಡನೆಯ ಭಾಗ. ಹೊರೆ ಎಷ್ಟೆಂದು ಮೊದಲೇ ಲೆಕ್ಕ ಒಪ್ಪಿಸಿ, ನೆರೆಯವರ ಕಿಟಕಿಯಿಂದ ಗೂಡನ್ನು ದೂರವಿಟ್ಟು, ಹಕ್ಕಿಗಳ ಸಂಖ್ಯೆಗೆ ಮಿತಿ ಬರೆದುಕೊಟ್ಟಾಗ ಮಾತುಕತೆ ಸುಲಭವಾಯಿತು. ಮೊಟ್ಟೆಗಳನ್ನು ತೆಗೆದು ಹುಸಿ ಮೊಟ್ಟೆ ಇಡುವುದು ಆ ಮಿತಿಯನ್ನು ಕಾಯುವ ಸರಳ ಉಪಾಯ.

ಗೂಡಿಗೆ ಅಂಟುವ ಸ್ವಭಾವಕ್ಕೆ ಕಠಿಣವಾದ ಮುಖವೊಂದಿದ್ದು, ಅದು ಗೋಚರವಾಗುವುದು ಮನೆ ಬದಲಿಸುವಾಗ. ಒಂದು ಗೂಡಿನಿಂದ ಹಾರಾಡಿ ಬೆಳೆದ ಹೋಮರ್ ಅನ್ನು ಹೊಸ ಮನೆಗೆ ಒಯ್ದು ಬಿಟ್ಟರೆ ಅದು ಹಳೆಯ ಮನೆಗೇ ಹೋಗುತ್ತದೆ. ಹೊಸ ಗೂಡಿಗೆ ಹೊಂದಿಸಬಹುದಾದದ್ದು ಇನ್ನೂ ಹಾರಾಟ ಕಲಿಯದ, ತಿಂಗಳ ಆಸುಪಾಸಿನ ಮರಿಗಳನ್ನು ಮಾತ್ರ, ದೊಡ್ಡ ಹಕ್ಕಿಗಳನ್ನು ಅಲ್ಲಿ ಮುಚ್ಚಿದ ಗೂಡಿನಲ್ಲೇ ಇಡಬೇಕಾಗುತ್ತದೆ. ಚೆನ್ನಾಗಿ ಸಾಕಿದರೆ ಹದಿನೈದು ವರ್ಷ ಬಾಳುವ ಹಕ್ಕಿಯಿದು. ಅಂಗವೈಕಲ್ಯವುಳ್ಳವರ ಮನೆ ಎಂದು ಬದಲಾಗುತ್ತದೆಂಬುದನ್ನು ಅಷ್ಟು ಕಾಲದಲ್ಲಿ ನಿರ್ಧರಿಸುವವರು ಹಲವು ಸಲ ಅಣ್ಣಂದಿರು, ಮಕ್ಕಳು ಅಥವಾ ಆಸ್ಪತ್ರೆಯವರು. ಆದ್ದರಿಂದ ಹೊಸದಾಗಿ ಸಾಕುವವರಿಗೆ ಲೇಖಕಿ ಸೂಚಿಸುವುದು, ಹೆಚ್ಚು ದೂರ ಹಾರದ, ಬೀಸಣಿಗೆ ಬಾಲದ ಲಕ್ಕಾ ತಳಿಯನ್ನು. ಸಾಕುವವರು ಆಸ್ಪತ್ರೆ ಸೇರಿದರೆ ಯಾವ ಜೋಡಿ ಯಾರ ಮನೆಗೆ ಹೋಗಬೇಕು, ದಿನಕ್ಕೆ ಹಕ್ಕಿಯೊಂದಕ್ಕೆ ಸುಮಾರು 30 ಗ್ರಾಂ ಲೆಕ್ಕದಲ್ಲಿ ಜೋಳ, ಸಜ್ಜೆ, ಬಟಾಣಿ, ಹೆಸರುಕಾಳುಗಳ ಮಿಶ್ರಣ ಹೇಗಿರಬೇಕು, ಸುಣ್ಣಕಲ್ಲಿನ ಚೂರು ಎಲ್ಲಿದೆ ಎಂಬುದನ್ನು ಮೊದಲೇ ಬರೆದು ಒಬ್ಬ ನಂಬಿಕಸ್ಥರ ಕೈಗೆ ಕೊಟ್ಟಿರಬೇಕು. ಮನೆ ಬದಲಿಸುವ ಮಾತು ಬಂದಾಗ ಇಳಿಜಾರು ದಾರಿ ಮತ್ತು ಅಗಲ ಬಾಗಿಲಿನ ಬಚ್ಚಲುಮನೆಯ ವಿಚಾರಣೆಯೊಡನೆ ಗೂಡಿಗೆ ಜಾಗ ಎಲ್ಲಿ ಎಂಬುದನ್ನೂ, ಮುಂಗಡ ಕೊಡುವ ಮೊದಲೇ, ಮನೆಯವರಿಂದ ಕೇಳಿಸಬೇಕು.