ಆಟಗಾರರ ಗೋಡೆ

ಕಾಲ್ಚೆಂಡಾಟದಲ್ಲಿ ಒಂದು ಪಕ್ಷದವರು ನಿಯಮ ಮೀರಿ ಆಡಿದರೆ ಎದುರು ಪಕ್ಷಕ್ಕೆ ಫ್ರೀಕಿಕ್ ದೊರೆಯುತ್ತದೆ. ತಪ್ಪು ನಡೆದ ಸ್ಥಳದಲ್ಲಿ ಚೆಂಡನ್ನು ನಿಶ್ಚಲವಾಗಿರಿಸಿ ಒದೆಯುವ ಅವಕಾಶವಿದು. ರಕ್ಷಕ ಪಕ್ಷದವರು ಚೆಂಡಿನಿಂದ 9.15 ಮೀಟರಿಗಿಂತ ಹತ್ತಿರ ನಿಲ್ಲುವಂತಿಲ್ಲ. ಗೋಲಿನ ಸಮೀಪದಲ್ಲಿ ಇಂತಹ ಒದೆತ ದೊರೆತಾಗ ರಕ್ಷಕರ ಪಾಲಿಗೆ ಅದು ಸತ್ವಪರೀಕ್ಷೆಯ ಗಳಿಗೆ.

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಇಷ್ಟು ವಿಸ್ತಾರವನ್ನು ಗೋಲ್‌ಕೀಪರ್ ಒಬ್ಬನೇ ಕಾಯುವುದು ದುಸ್ಸಾಧ್ಯ. ಆದುದರಿಂದ ಅವನು ಗೋಲನ್ನು ಎರಡು ಪಾಲು ಮಾಡುತ್ತಾನೆ. ಚೆಂಡಿಗೆ ಸಮೀಪವಾದ ಕಂಬದ ಕಡೆಯ ಪಾಲನ್ನು ಸಂಗಡಿಗರಿಗೆ ಒಪ್ಪಿಸಿ, ಉಳಿದ ಪಾಲನ್ನು ತಾನು ಕಾಯುತ್ತಾನೆ. ಸಂಗಡಿಗರಲ್ಲಿ ನಾಲ್ಕೈದು ಮಂದಿ ಭುಜಕ್ಕೆ ಭುಜ ತಾಗಿಸಿ ಗೋಡೆಯಂತೆ ನಿಲ್ಲುತ್ತಾರೆ. ಗೋಲ್‌ಕೀಪರ್ ಕಂಬದ ಬಳಿಯಿಂದ ಕೈಸನ್ನೆ ಮಾಡಿ ಅವರನ್ನು ಸರಿಯಾದ ಸ್ಥಾನಕ್ಕೆ ತರುತ್ತಾನೆ. ಗೋಡೆ ಚಿಕ್ಕದಾದರೆ ಗೋಲು ತೆರೆದು ಬೀಳುತ್ತದೆ. ಅತಿ ದೊಡ್ಡದಾದರೆ ಅವನಿಗೇ ಚೆಂಡು ಕಾಣದು. ಗೋಡೆಯ ಮೇಲಿನಿಂದ ಹಾರುವ ಚೆಂಡನ್ನು ತಡೆಯಲು ಆಟಗಾರರು ನೆಗೆಯುತ್ತಾರೆ. ಆಗ ಕಾಲಡಿಯಲ್ಲಿ ಚೆಂಡು ನುಸುಳದಿರಲೆಂದು ಈಚಿನ ವರ್ಷಗಳಲ್ಲಿ ಒಬ್ಬನು ಗೋಡೆಯ ಹಿಂದೆ ನೆಲದ ಮೇಲೆ ಮಲಗುವುದೂ ಉಂಟು.

ಆದರೂ ಚೆಂಡು ಗೋಡೆಯನ್ನು ಬಳಸಿ ಬರಬಲ್ಲದು. ಚೆಂಡಿನ ಒಂದು ಪಾರ್ಶ್ವಕ್ಕೆ ಒದೆದರೆ ಅದು ಗಿರಗಿರನೆ ತಿರುಗುತ್ತ ಸಾಗುತ್ತದೆ. ತಿರುಗುವ ಚೆಂಡು ಸುತ್ತಲಿನ ಗಾಳಿಯನ್ನು ಒಂದು ಕಡೆಗೆ ತಳ್ಳಿದರೆ, ಗಾಳಿ ಚೆಂಡನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮವೆಂದು ಹೆಸರು. 1997ರ ಜೂನ್ 3ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಬ್ರೆಜಿಲ್ ದೇಶದ ರಾಬರ್ಟೊ ಕಾರ್ಲೊಸ್ ಸುಮಾರು 35 ಮೀಟರ್ ದೂರದಿಂದ ಒದೆದ ಚೆಂಡು ಗೋಡೆಯ ಹೊರಗಿನಿಂದ ಸಾಗಿ, ಅಂಗಳದಾಚೆಗೆ ಹೋಗುವಂತೆ ತೋರಿ, ಒಳಕ್ಕೆ ಬಾಗಿ, ಕಂಬಕ್ಕೆ ತಗುಲಿ ಗೋಲನ್ನು ಸೇರಿತು. ಫ್ರಾನ್ಸಿನ ಗೋಲ್‌ಕೀಪರ್ ಬಾರ್ತೆಜ್ ನಿಂತಲ್ಲಿಂದ ಕದಲಲಿಲ್ಲ.

ಗೋಡೆಯೇ ಬಿರುಕು ಬಿಟ್ಟರೆ ಅಪಾಯ ಇನ್ನೂ ಹೆಚ್ಚು. 1974ರ ವಿಶ್ವಕಪ್‌ನಲ್ಲಿ ಅಂದು ಪ್ರತ್ಯೇಕ ರಾಷ್ಟ್ರವಾಗಿದ್ದ ಪೂರ್ವ ಜರ್ಮನಿಯು ಬ್ರೆಜಿಲನ್ನು ಎದುರಿಸಿತು. ಪೂರ್ವ ಜರ್ಮನಿಯವರು ಗೋಡೆ ಕಟ್ಟಿದಾಗ ಬ್ರೆಜಿಲಿನ ಜೈರ್ಜಿನ್ಹೊ ಅವರ ನಡುವೆಯೇ ಹೊಕ್ಕು ನಿಂತನು. ರಿವೆಲಿನೊ ಚೆಂಡನ್ನು ಒದೆದೊಡನೆ ಅವನು ತಟ್ಟನೆ ಬಗ್ಗಿದನು. ಆ ಸಂದಿನಿಂದ ಚೆಂಡು ತೂರಿಹೋಗಿ ಗೋಲಾಯಿತು. ಪಂದ್ಯದ ಏಕೈಕ ಗೋಲು ಅದೇ. 2019ರಿಂದ ಈ ಉಪಾಯಕ್ಕೆ ಎಡೆಯಿಲ್ಲ. ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಗೋಡೆಯಿಂದ ಎದುರಾಳಿಗಳು ಕನಿಷ್ಠ 1 ಮೀಟರ್ ದೂರವಿರಬೇಕೆಂದು ನಿಯಮವಾಗಿದೆ.

ಗೋಡೆಯಲ್ಲಿ ನಿಂತವನಿಗೆ ಚೆಂಡಿನ ಪೆಟ್ಟಿನ ಭಯವಿರುವುದು ಸಹಜ. ಅವನು ಅಂಜಿ ಮುಖ ತಿರುಗಿಸಿದರೆ, ಅವನನ್ನು ನಂಬಿ ಗೋಲಿನ ಅರ್ಧವನ್ನು ಬಿಟ್ಟುಕೊಟ್ಟ ಗೋಲ್‌ಕೀಪರ್ ನಿರುಪಾಯನಾಗುತ್ತಾನೆ. ಗೋಲ್‌ಕೀಪರ್ ಆತುರದಿಂದ ಗೋಡೆಯ ಕಡೆಗೆ ಸರಿದರೆ ಅವನ ಪಾಲು ಬರಿದಾಗುತ್ತದೆ. ತನ್ನ ಪಾಲನ್ನು ಬಿಡದೆ ಕಾಯುವುದು, ಸಂಗಡಿಗನ ಪಾಲನ್ನು ಅವನಿಗೆ ನಂಬಿ ಬಿಡುವುದು, ಈ ಎರಡರ ಮೇಲೆ ಆ ಗೋಡೆ ನಿಂತಿದೆ.

ಪ್ರಶ್ನೆಗಳು
1. ಗೋಲ್‌ಕೀಪರ್ ಗೋಲನ್ನು ಎರಡು ಪಾಲು ಮಾಡುವುದೇಕೆ?
2. ತಿರುಗುವ ಚೆಂಡು ಬಾಗಿ ಸಾಗಲು ಕಾರಣವೇನು?
3. 2019ರ ನಿಯಮದಿಂದ ಯಾವ ಉಪಾಯಕ್ಕೆ ತಡೆಯಾಯಿತು? ವಿವರಿಸಿರಿ.