ಗಲ್ಫ್ ಮೆಡಿಕಲ್: ಏಜೆಂಟನಿಗೆ ಹಣ ಕೊಡುವ ಮೊದಲು ತಿಳಿದಿರಬೇಕಾದದ್ದು



ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳಲ್ಲಿ ಆಪರೇಷನ್, ಡಯಾಲಿಸಿಸ್ ಖರ್ಚಿನವೇ ಹೆಚ್ಚು. ಕಳೆದ ಮಳೆಗಾಲದಲ್ಲಿ ಬಂದ ಒಂದು ಅರ್ಜಿ ಬೇರೆ ತರಹದ್ದು. ಡೊಂಬಿವಲಿಯಲ್ಲಿರುವ, ಉಡುಪಿ ಕಡೆಯ ಕುಟುಂಬ. ಗಂಡ ಹೋಟೆಲಿನ ಅಡುಗೆಯವರು. ಗಲ್ಫ್‌ನಲ್ಲಿ ಕೆಲಸ ಸಿಕ್ಕಿತೆಂದು ಇದ್ದ ಕೆಲಸ ಬಿಟ್ಟರು, ಹೆಂಡತಿಯ ಬಳೆ ಅಡವಿಟ್ಟು ಏಜೆಂಟನಿಗೆ ಹಣ ಕೊಟ್ಟರು. ಮೆಡಿಕಲ್‌ನಲ್ಲಿ ‘ಅನ್‌ಫಿಟ್’ ಎಂದು ಬಂತು. ಎಕ್ಸ್‌ರೇಯಲ್ಲಿ ಕಂಡದ್ದು ಹನ್ನೆರಡು ವರ್ಷದ ಹಿಂದೆ ಗುಣವಾಗಿದ್ದ ಕ್ಷಯದ ಕಲೆ.

ಹಣ ಕೊಡುವ ಮೊದಲು ಅವರು ನನ್ನನ್ನು ಕೇಳಿದ್ದರು. ಎಕ್ಸ್‌ರೇ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ನಾನು, “ಗುಣವಾಗಿದೆಯಲ್ಲ, ಏನೂ ಆಗುವುದಿಲ್ಲ” ಎಂದುಬಿಟ್ಟೆ. ರೋಗ ವಾಸಿಯಾಗುವುದು ಬೇರೆ, ವೀಸಾದ ನಿಯಮ ಬೇರೆ. ಆ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಸಲ ಪರೀಕ್ಷೆ

ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಎರಡು ಸಲ ಪರೀಕ್ಷೆ. ಮೊದಲನೆಯದು ಇಲ್ಲೇ, ಮಾನ್ಯತೆ ಪಡೆದ ಕೇಂದ್ರದಲ್ಲಿ. ಹಿಂದೆ ಇದನ್ನು ‘ಗಾಮ್ಕಾ’ ಎನ್ನುತ್ತಿದ್ದರು, ಈಗ ‘ವಾಫಿದ್’. ಎರಡನೆಯದು ಅಲ್ಲಿಗೆ ಹೋದ ಮೇಲೆ, ವಾಸದ ಪರವಾನಗಿ ಕೊಡುವ ಮುನ್ನ. ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇವು ಮುಖ್ಯ. ಆದ್ದರಿಂದ “ಇಲ್ಲಿ ಅಡ್ಜಸ್ಟ್ ಮಾಡಿಸುತ್ತೇನೆ” ಎನ್ನುವ ಏಜೆಂಟನನ್ನು ನಂಬಬೇಡಿ. ಇಲ್ಲಿ ದಾಟಿದರೂ ಅಲ್ಲಿ ಸಿಕ್ಕಿಬಿದ್ದರೆ ಸಾಲವೊಂದೇ ಉಳಿಯುತ್ತದೆ.

ಫಲಿತಾಂಶದ ಅರ್ಥ

ಕ್ಷಯ: ವಾಸಿಯಾದರೂ ಶ್ವಾಸಕೋಶದಲ್ಲಿ ಕಲೆ ಉಳಿಯಬಹುದು. ಕಫ ಪರೀಕ್ಷೆಯಲ್ಲಿ ಏನೂ ಇಲ್ಲದಿದ್ದರೂ ಕಲೆಯೊಂದೇ ಅನ್‌ಫಿಟ್‌ಗೆ ಕಾರಣವಾಗಬಹುದು. ಯುಎಇ 2016ರಲ್ಲಿ ನಿಯಮ ಬದಲಿಸಿತು. ಅಲ್ಲಿ ಈಗಾಗಲೇ ವಾಸವಿದ್ದು ಪರವಾನಗಿ ನವೀಕರಿಸುವವರಲ್ಲಿ ಕ್ಷಯ ಕಂಡರೆ, ಚಿಕಿತ್ಸೆಯ ಷರತ್ತಿನ ಮೇಲೆ ಉಳಿಯಲು ಅವಕಾಶವಿದೆ. ಹೊಸದಾಗಿ ಹೋಗುವವರು ಇದನ್ನು ನೆಚ್ಚಿಕೊಳ್ಳಬಾರದು.

ಹೆಪಟೈಟಿಸ್ ಸಿ: ಮಾತ್ರೆಗಳಿಂದ ಗುಣವಾಗುತ್ತದೆ. ಆದರೆ ಗುಣವಾದ ಮೇಲೂ ರಕ್ತದಲ್ಲಿ ಪ್ರತಿಕಾಯ ಉಳಿಯುವುದರಿಂದ ಮೊದಲ ಪರೀಕ್ಷೆ ಪಾಸಿಟಿವ್ ಎಂದೇ ಬರಬಹುದು. ವೈರಸ್ ನಿಜವಾಗಿ ಇದೆಯೇ ಎಂದು ತಿಳಿಸುವುದು ಆರ್‌ಎನ್‌ಎ ಪರೀಕ್ಷೆ.

ಎಚ್‌ಐವಿ: ಗಲ್ಫ್‌ನಲ್ಲಿ ಪಾಸಿಟಿವ್ ಬಂದ ವಿದೇಶಿ ಕೆಲಸಗಾರರನ್ನು ವಾಪಸು ಕಳಿಸುತ್ತಾರೆ. ನಮ್ಮ ದೇಶದಲ್ಲಿ ಹಾಗಲ್ಲ. ಎಚ್‌ಐವಿ ಇದೆಯೆಂದು ಕೆಲಸದಲ್ಲಿ ತಾರತಮ್ಯ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಹೆಂಡತಿ ಮಕ್ಕಳ ಪರವಾನಗಿ ಸಾಮಾನ್ಯವಾಗಿ ದುಡಿಯುವವರ ಪರವಾನಗಿಯನ್ನೇ ಅವಲಂಬಿಸಿರುತ್ತದೆ. ಅವರದು ರದ್ದಾದರೆ ಮನೆಯವರೆಲ್ಲ ಹೊರಡಬೇಕು, ಮಕ್ಕಳ ಶಾಲೆ ಅರ್ಧದಲ್ಲೇ ನಿಲ್ಲುತ್ತದೆ.

ಏನು ಮಾಡಬೇಕು?

1. ಕೆಲಸ ಬಿಡುವ, ಹಣ ಕೊಡುವ ಮೊದಲೇ ಸ್ವಂತವಾಗಿ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ.
2. ಹಳೆಯ ಎಕ್ಸ್‌ರೇ, ಚಿಕಿತ್ಸೆ ಮುಗಿಸಿದ ಕಾಗದ ಎಸೆಯಬೇಡಿ. ಇವು ಅನುಮತಿಯ ಖಾತ್ರಿಯಲ್ಲ, ಆದರೆ ಕಲೆ ಹಳೆಯದೆಂದು ವೈದ್ಯರಿಗೆ ತಿಳಿಯುತ್ತದೆ.
3. ಅನ್‌ಫಿಟ್ ಬಂದರೆ ಕಾರಣ ಕೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿಗೆ ಅಲ್ಲಿ ಉಚಿತ ಚಿಕಿತ್ಸೆಯಿದೆ. ಕ್ಷಯ ರೋಗಿಗೆ ಚಿಕಿತ್ಸೆ ಮುಗಿಯುವವರೆಗೆ ಪೋಷಣೆಗೆಂದು ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ.
4. ನಾಚಿಕೆಯಿಂದ ಮುಚ್ಚಿಡಬೇಡಿ. ಸಮಿತಿಗೆ ಹೇಳಿದ ಮಾತು ಹೊರಗೆ ಹೋಗುವುದಿಲ್ಲ.

ಆ ಅಡುಗೆಯವರ ಕಫ ಪರೀಕ್ಷೆಯ ಖರ್ಚನ್ನು ನಮ್ಮ ನಿಧಿಯಿಂದ ಕೊಟ್ಟೆವು. ರೋಗವಿಲ್ಲ ಎಂದು ಬಂತು. ಈಗ ಅವರು ಒಂದು ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದಾರೆ. ಬಳೆ ಇನ್ನೂ ಅಡವಿನಲ್ಲೇ ಇದೆ. ಅದನ್ನು ಬಿಡಿಸಿಕೊಡಲು ನಿಧಿಯ ನಿಯಮದಲ್ಲಿ ದಾರಿಯಿಲ್ಲ. ಆದರೆ ಹೊರದೇಶಕ್ಕೆ ಹೊರಡುವ ಬಡ ಹುಡುಗರಿಗೆ ಮುಂಚಿತ ಪರೀಕ್ಷೆ ಮಾಡಿಸಲು ದಾರಿಯಿದೆ. ನಿಮ್ಮ ಕೈಲಾದಷ್ಟು ವೈದ್ಯಕೀಯ ನಿಧಿಗೆ ಕೊಡಿ. ಒಂದು ಎಕ್ಸ್‌ರೇಯ ಖರ್ಚು ಒಂದು ಮನೆಯನ್ನು ಸಾಲದಿಂದ ಉಳಿಸಬಹುದು.