ಡಿಕ್ಕಿ ಬಾಗಿಲು ತಲೆ ಮೇಲೆ ಬೀಳುವ ಮುನ್ನ

ಭಾಲ್ಕಿ, ಔರಾದ್ ಕಡೆಯ ಹೊಲಗಳಿಂದ ತೊಗರಿ ಚೀಲ ಹೇರಿಕೊಂಡು ಬೀದರಿಗೆ ಬರುವವರೇ, ಕಾರಿನ ಡಿಕ್ಕಿ ಬಾಗಿಲು ಎತ್ತಿದಲ್ಲೇ ನಿಲ್ಲುತ್ತಿದೆಯೇ, ಒಮ್ಮೆ ನೋಡಿಕೊಳ್ಳಿ. ಅದನ್ನು ಹಿಡಿದಿಡುವ ಶಾಕರ್‌ಗಳೊಳಗೆ ಒತ್ತಿ ತುಂಬಿದ ನೈಟ್ರೋಜನ್ ಇರುತ್ತದೆ. ಸೀಲ್ ಸವೆದರೆ ಸೋರುತ್ತದೆ. ಹೊಳೆಯುವ ಸರಳಿನ ಮೇಲೆ ಎಣ್ಣೆ ಜಿಡ್ಡು, ಅದಕ್ಕೆ ಮೆತ್ತಿದ ಕೆಮ್ಮಣ್ಣಿನ ಧೂಳು ಕಂಡರೆ ಬದಲಿಸುವ ಕಾಲ ಬಂತೆಂದೇ ತಿಳಿಯಿರಿ. ಬೀದರಿನ ಡಿಸೆಂಬರ್ ಚಳಿಯಲ್ಲಿ ಗ್ಯಾಸಿನ ಒತ್ತಡ ತಗ್ಗುತ್ತದೆ. ಮಧ್ಯಾಹ್ನ ಗಟ್ಟಿಯಾಗಿ ನಿಂತ ಬಾಗಿಲು ನಸುಕಿನಲ್ಲಿ ಕುಸಿಯಬಹುದು. ಕೋಲು ಆನಿಸಿ ದಿನ ದೂಡಬೇಡಿ, ಬಾಗಿಲ ಕೆಳಗೆ ಮನೆಯ ಮಕ್ಕಳೂ ಹಿರಿಯರೂ ಬಗ್ಗುತ್ತಾರೆ. ಎರಡೂ ಬದಿಯ ಶಾಕರ್‌ಗಳನ್ನು ಜೊತೆಗೇ, ನಿಮ್ಮ ಮಾಡೆಲ್‌ಗೆ ಹೊಂದುವುದನ್ನೇ ಹಾಕಿಸಿ. ಬಿಚ್ಚುವಾಗ ಒಬ್ಬರು ಬಾಗಿಲು ಹಿಡಿದಿರಲಿ. ಹಳೆಯದನ್ನು ಕೊರೆಯುವುದು, ಬೆಂಕಿಗೆ ಹಾಕುವುದು ಖಂಡಿತ ಬೇಡ. ಗುಜರಿಯವರಿಗೆ ಕೊಡುವಾಗಲೂ ಒಳಗೆ ಗ್ಯಾಸಿದೆಯೆಂದು ಹೇಳಿಯೇ ಕೊಡಿ.